ಮಣ್ಣಿನ ಪರೀಕ್ಷೆ ಹೊಲಕ್ಕೆ ಬಂದರೆ ಸಾಲದು

ಹೊಲದಲ್ಲಿಯೇ ನಿಂತು ಕೆಲವು ನಿಮಿಷಗಳೊಳಗೆ ಮಣ್ಣಿನ ಸತ್ವವನ್ನು ಅಳೆದು ಹೇಳುವ ಉಪಕರಣಗಳು ಈಗ ಬಳಕೆಗೆ ಬಂದಿವೆ. ಕಾನ್ಪುರದ ಐ.ಐ.ಟಿ.ಯವರು 2021ರಲ್ಲಿ ಹೊರತಂದ 'ಭೂ ಪರೀಕ್ಷಕ'ಕ್ಕೆ ಐದು ಗ್ರಾಂ ಒಣಮಣ್ಣು, ಒಂದೂವರೆ ನಿಮಿಷ ಸಾಕು; ಫಲಿತಾಂಶ ಮೊಬೈಲಿನಲ್ಲಿ ಮೂಡುತ್ತದೆ. ದಿಲ್ಲಿಯ ಪೂಸಾ ಸಂಸ್ಥೆಯ ಮೀಟರು, ಭೋಪಾಲದ ಮಣ್ಣು ವಿಜ್ಞಾನ ಸಂಸ್ಥೆಯ 'ಮೃದಾಪರೀಕ್ಷಕ' ಎಂಬ ಪೆಟ್ಟಿಗೆಯಷ್ಟರ ಪ್ರಯೋಗಶಾಲೆ ಅದಕ್ಕೂ ಮೊದಲಿನವು. ಇವುಗಳಿಂದ ಸಣ್ಣ ಕೃಷಿಕನಿಗೆ ನಿಜಕ್ಕೂ ಪ್ರಯೋಜನವಿದೆಯೇ? ಆಂಧ್ರದ ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ನೋಡಿದರೆ ಲಾಭವೂ ಮಿತಿಯೂ ಒಟ್ಟಿಗೆ ಕಾಣುತ್ತವೆ.

ಎರಡೂ ಹಳೆಯ ಅನಂತಪುರ ಜಿಲ್ಲೆಯವು. 2022ರ ಎಪ್ರಿಲಿನಲ್ಲಿ ಜಿಲ್ಲೆ ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಮಡಕಶಿರಾ, ರಾಯದುರ್ಗಗಳನ್ನೂ ಸೇರಿಸಿ ಹೇಳುವುದಾದರೆ, ಇದು ನಮ್ಮಂತೆಯೇ ರಾಜ್ಯದ ಗೆರೆಯ ಆಚೆಗೆ ಉಳಿದ ಕನ್ನಡಿಗರ ನಾಡು. ಅಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ನಮ್ಮ ಕಾಸರಗೋಡಿನಲ್ಲಿ ಬೀಳುವುದು ಅದರ ಆರು ಪಾಲಿಗೂ ಮಿಕ್ಕಿ. ತೆಳುವಾದ ಕೆಂಪು ಮಣ್ಣು, ಮುಖ್ಯ ಬೆಳೆ ನೆಲಗಡಲೆ. ಮಳೆ ಬಿದ್ದ ನಾಲ್ಕಾರು ದಿನಗಳೊಳಗೆ ಬಿತ್ತಬೇಕು. ತಪ್ಪಿದರೆ ಆ ವರ್ಷದ ಬೆಳೆಯೇ ತಪ್ಪಿತು.

ಇಂತಹ ಕಡೆ ದೂರದ ಪ್ರಯೋಗಶಾಲೆಯ ವರದಿ ಬಿತ್ತನೆ ಮುಗಿದ ಮೇಲೆ ಬಂದರೆ ಅದು ಬರೇ ಕಾಗದ. ದೇಶದಲ್ಲಿ ಮಣ್ಣು ಪರೀಕ್ಷೆಯ ವ್ಯವಸ್ಥೆ 1955-56ರಲ್ಲಿ 24 ಪ್ರಯೋಗಶಾಲೆಗಳಿಂದ ಆರಂಭವಾಯಿತು. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತಗಢದಲ್ಲಿ ಉದ್ಘಾಟನೆಯಾದ 'ಮಣ್ಣು ಆರೋಗ್ಯ ಕಾರ್ಡು' ಯೋಜನೆ ಹನ್ನೆರಡು ಅಂಶಗಳನ್ನು ಅಳೆದು ಕೊಡುತ್ತದೆ. ಆದರೆ ಆರಂಭದ ನಿಯಮದಂತೆ ನೀರಾವರಿ ಭೂಮಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿಯಾದರೆ, ಮಳೆಯಾಶ್ರಿತ ಭೂಮಿಯಲ್ಲಿ ಹತ್ತು ಹೆಕ್ಟೇರಿಗೆ, ಅಂದರೆ ಸುಮಾರು 25 ಎಕ್ರೆಗೆ, ಒಂದೇ ಮಾದರಿ. ನಾಲ್ಕು ಎಕ್ರೆಯ ಕೃಷಿಕನ ಕೈಸೇರಿದ ಕಾರ್ಡು ನೆರೆಯವನ ಹೊಲದ ಜಾತಕವಾಗಿರಲೂಬಹುದು. ನೀರಿಲ್ಲದವನಿಗೇ ಸೂಕ್ಷ್ಮವಾದ ಪರೀಕ್ಷೆ ಹೆಚ್ಚು ಬೇಕು, ಸಿಕ್ಕಿದ್ದು ಕಡಿಮೆ. ಹೊಲದಲ್ಲಿಯೇ ನಡೆಯುವ ಪರೀಕ್ಷೆ ಈ ಎರಡು ಕೊರತೆಗಳನ್ನೂ ನೀಗಿಸಬಲ್ಲುದು.

ಇದರಲ್ಲಿ ಹಣದ ಮಾತೂ ಇದೆ. ಸಹಾಯಧನದಿಂದಾಗಿ 45 ಕಿಲೊ ಯೂರಿಯ ಚೀಲಕ್ಕೆ 266 ರೂಪಾಯಿ 50 ಪೈಸೆ, 50 ಕಿಲೊ ಡಿ.ಎ.ಪಿ.ಗೆ 1,350 ರೂಪಾಯಿ. ಅಗ್ಗವಾದುದನ್ನು ಹೆಚ್ಚು ಸುರಿಯುವುದು ಸಹಜವೇ. ಆದರೆ ಹೊಲಕ್ಕೆ ಬೇಕಾದದ್ದು ಬೇರೆಯೇ ಇದ್ದರೆ? ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಜತೆ ಕರ್ನಾಟಕ ಸರಕಾರ 2009ರಲ್ಲಿ ಆರಂಭಿಸಿದ 'ಭೂಚೇತನ' ಯೋಜನೆಯ ಪರೀಕ್ಷೆಗಳಲ್ಲಿ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡುಬಂತು. ನೆಲಗಡಲೆಗೆ ಸುಣ್ಣದ ಅಂಶವೂ ಗಂಧಕವೂ ಬೇಕು. ಎರಡನ್ನೂ ಕೊಡುವ ಜಿಪ್ಸಂ ಯೂರಿಯದ ಚೀಲದಲ್ಲಿಲ್ಲ. ಅನಂತಪುರದ ಸಂಶೋಧನಾ ಕೇಂದ್ರದಲ್ಲಿ 1985ರಿಂದ ನಡೆದ ದೀರ್ಘಕಾಲದ ಪ್ರಯೋಗವು, ಶಿಫಾರಸಿನ ಅರ್ಧ ರಾಸಾಯನಿಕ ಗೊಬ್ಬರದೊಂದಿಗೆ ನೆಲಗಡಲೆಯ ಸಿಪ್ಪೆಯನ್ನೇ ಮಣ್ಣಿಗೆ ಸೇರಿಸಿದರೆ ಇಳುವರಿಯೂ ಮಣ್ಣಿನ ಇಂಗಾಲವೂ ಉಳಿಯುತ್ತವೆಂದು ತೋರಿಸಿದೆ.

ಇನ್ನು ಮಿತಿಗಳ ವಿಚಾರ. ಒಂದು ಎಕ್ರೆಯ ಅರ್ಧ ಅಡಿ ಮೇಲ್ಮಣ್ಣು ಸುಮಾರು ಒಂಬತ್ತು ಲಕ್ಷ ಕಿಲೊ ತೂಗುತ್ತದೆ. ಅಷ್ಟರ ಪರವಾಗಿ ಐದು ಗ್ರಾಂ ಸಾಕ್ಷಿ ಹೇಳಬೇಕಾದರೆ ಆ ಐದು ಗ್ರಾಂ ಪ್ರಾಮಾಣಿಕವಾಗಿರಬೇಕು. ಬದು, ಗೊಬ್ಬರದ ಗುಂಡಿ, ಮರದ ಬುಡ ಬಿಟ್ಟು, ಹದಿನೈದಿಪ್ಪತ್ತು ಕಡೆಗಳಿಂದ ಅರ್ಧ ಅಡಿ ಆಳದವರೆಗಿನ ಮಣ್ಣು ತೆಗೆದು, ನೆರಳಲ್ಲಿ ಒಣಗಿಸಿ ಬೆರೆಸಿದರೆ ಮಾತ್ರ ಅದು ಹೊಲದ ಮಾದರಿ. ಒಂದು ಮೂಲೆಯ ಹಿಡಿ ಮಣ್ಣು ತಂದರೆ ಉಪಕರಣ ಎಷ್ಟು ಬೇಗ ಹೇಳಿದರೂ ಅಷ್ಟೇ ಬೇಗ ದಾರಿ ತಪ್ಪಿಸುತ್ತದೆ.

ಎರಡನೆಯದಾಗಿ, ಎಲ್ಲ ಉಪಕರಣಗಳೂ ಒಂದೇ ಜಾತಿಯವಲ್ಲ. ಕೆಲವು ಮಣ್ಣಿನ ಸತ್ವವನ್ನು ದ್ರಾವಣಕ್ಕಿಳಿಸಿ ಬಣ್ಣದ ಗಾಢತೆಯಿಂದ ಅಳೆಯುತ್ತವೆ. ಇದು ಪ್ರಯೋಗಶಾಲೆಯ ಕ್ರಮವೇ. 'ಭೂ ಪರೀಕ್ಷಕ'ದಂತಹವು ಕಣ್ಣಿಗೆ ಕಾಣದ ಬೆಳಕು ಹಾಯಿಸಿ, ಹಿಂದೆ ಪರೀಕ್ಷಿಸಿದ ಮಾದರಿಗಳೊಂದಿಗೆ ಹೋಲಿಸಿ ಅಂದಾಜು ಹೇಳುತ್ತವೆ. ಮಣ್ಣಿಗೆ ಚುಚ್ಚಿದೊಡನೆ ಸಾರಜನಕ, ರಂಜಕ, ಪೊಟ್ಯಾಷ್ ಮೂರನ್ನೂ ತೋರಿಸುವ ಅಗ್ಗದ ಮುಳ್ಳುಗಳು ಅಳೆಯುವುದು ಹೆಚ್ಚಾಗಿ ವಿದ್ಯುತ್ ಹರಿವನ್ನು ಮಾತ್ರ. ಒಣಮಣ್ಣಿನಲ್ಲಿ ಒಂದು ಲೆಕ್ಕ, ಮಳೆ ಬಿದ್ದ ಮರುದಿನ ಇನ್ನೊಂದು. ಇವನ್ನು ನಂಬಿ ಗೊಬ್ಬರ ಕೊಳ್ಳಬಾರದು.

ಮೂರನೆಯದು ನಮಗೇ ಸಂಬಂಧಿಸಿದ್ದು. ಹುಳಿ ಕಡಿಮೆಯಿರುವ ಮಣ್ಣಿನ ರಂಜಕವನ್ನು ಅಳೆಯಲು ಓಲ್ಸನ್ ಕ್ರಮ, ನಮ್ಮ ಮುರಕಲ್ಲಿನ ಹುಳಿಮಣ್ಣಿಗೆ ಬ್ರೇ ಕ್ರಮ. ಅಲ್ಲಿಗೆ ಹೊಂದಿಸಿದ ಯಂತ್ರವನ್ನು ಇಲ್ಲಿಯ ಅಡಿಕೆ ತೋಟಕ್ಕೆ ತಂದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಮಳೆಯೇ ಸುಣ್ಣ, ಮೆಗ್ನೀಸಿಯಂಗಳನ್ನು ತೊಳೆದೊಯ್ಯುವುದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಮಣ್ಣಿನ ಹುಳಿ ಎಷ್ಟು, ಸುಣ್ಣ ಎಷ್ಟು ಬೇಕು ಎಂಬುದು.

ಕೊನೆಯದಾಗಿ ಭಾಷೆ. ಅಂಕೆ ಎಷ್ಟು ಬೇಗ ಬಂದರೂ ಅದರ ಅರ್ಥ ಓದಲು ಬಾರದ ಲಿಪಿಯಲ್ಲಿದ್ದರೆ ಕೃಷಿಕ ಕಡೆಗೆ ಕೇಳುವುದು ಗೊಬ್ಬರದಂಗಡಿಯವರನ್ನೇ. ಅಂಗಡಿಯಲ್ಲಿ ಸಿಗುವ ಸಲಹೆ ಅಂಗಡಿಯಲ್ಲಿ ಇರುವ ಚೀಲಕ್ಕೆ ತಕ್ಕಂತೆ. ಕೇಂದ್ರದ ಮಣ್ಣು ಕಾರ್ಡಿನ ವ್ಯವಸ್ಥೆ 22 ಭಾಷೆಗಳಲ್ಲಿ ಕಾರ್ಡು ಕೊಡಬಲ್ಲುದು. ಆದುದರಿಂದ ಕನ್ನಡದಲ್ಲಿ ಕೊಡುವುದಕ್ಕೆ ಯಂತ್ರದ ಅಡ್ಡಿಯಿಲ್ಲ. ಕೇಳುವವರು ಬೇಕು, ಕೊಡುವ ಮನಸ್ಸು ಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ, ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ನಮಗೆ ಕೊಟ್ಟಿದೆ. ಈ ಹಕ್ಕು ಶಾಲೆ, ನೇಮಕಾತಿಗಳ ಮನವಿಗೆ ಮಾತ್ರ ಮೀಸಲಲ್ಲ. ಕೃಷಿಭವನದ ಮೇಜಿಗೂ ಸಲ್ಲುತ್ತದೆ.

ಶಾಲೆಗಳಿಗೂ ಇಲ್ಲಿ ಕೆಲಸವಿದೆ. ಕೇಂದ್ರ ಸರಕಾರ ಮೊದಲು 20 ಶಾಲೆಗಳಲ್ಲಿ ಪ್ರಯೋಗಕ್ಕೆಂದು ಆರಂಭಿಸಿದ ಶಾಲಾ ಮಣ್ಣು ಆರೋಗ್ಯ ಕಾರ್ಯಕ್ರಮವನ್ನು ಬಳಿಕ ಸಾವಿರ ಶಾಲೆಗಳಿಗೆ ವಿಸ್ತರಿಸಲು ಮುಂದಾಯಿತು. ಹೆಚ್ಚಿನವು ಕೇಂದ್ರೀಯ, ನವೋದಯ, ಏಕಲವ್ಯ ಶಾಲೆಗಳು. ಗಡಿನಾಡಿನ ಕನ್ನಡ ಮಾಧ್ಯಮದ ಪ್ರೌಢಶಾಲೆಗಳನ್ನೂ ಅದಕ್ಕೆ ಸೇರಿಸಬೇಕೆಂದು ರಕ್ಷಕ-ಶಿಕ್ಷಕ ಸಂಘಗಳು ಒತ್ತಾಯಿಸಬೇಕು. ಎಂಟನೆಯ ತರಗತಿಯ ಹುಡುಗಿಗೆ ಮಾದರಿ ತೆಗೆಯುವ ಕ್ರಮವನ್ನೂ ಕಾರ್ಡು ಓದುವುದನ್ನೂ ಕನ್ನಡದಲ್ಲಿ ಕಲಿಸಿದರೆ, ಮನೆಯ ತೋಟಕ್ಕೆ ಅವಳೇ ಸಲಹೆಗಾರಳಾಗುತ್ತಾಳೆ. ಉಪಕರಣ ಕೊಳ್ಳಲು ಪಂಚಾಯತು ಹಣ ಒದಗಿಸಬಹುದು. ಓದಿ ತಿಳಿದು ಪ್ರಶ್ನಿಸುವವರನ್ನು ನಾವೇ ತಯಾರು ಮಾಡಬೇಕು.