ದೇಹದ ಸವಕಳಿಗೂ ಲೆಕ್ಕವಿರಲಿ

ಯಂತ್ರಕ್ಕೆ ವರ್ಷವರ್ಷವೂ ಸವಕಳಿ ಬರೆಯುವ ನಮ್ಮ ವರ್ತಕ ಬಂಧುಗಳು ತಮ್ಮ ದೇಹದ ಸವಕಳಿಯನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ. ಬೆಳಿಗ್ಗೆ ಗಲ್ಲಾದ ಮುಂದೆ ಕುಳಿತವರು ಏಳುವುದು ರಾತ್ರಿಯೇ. ಅನ್ಯರನ್ನು ದೂರುತ್ತಿಲ್ಲ; ಲೆಡ್ಜರುಗಳ ಮುಂದೆಯೇ ಆಯುಷ್ಯ ಕಳೆದ ನನಗೂ ಸಕ್ಕರೆ ಕಾಯಿಲೆಯೇ ನೋಟೀಸು ಕೊಟ್ಟಿತು.

ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ‘ವರ್ಲ್ಡ್ 10ಕೆ’ ಓಟದೊಡನೆ ಸಾಮಾನ್ಯರಿಗಾಗಿ ‘ಮಜ್ಜಾ ರನ್’ ಎಂಬ ಕಿರು ಓಟವೂ ನಡೆಯುತ್ತದೆ. ಅಲ್ಲಿ ಗೆಲುವು ಮುಖ್ಯವಲ್ಲ. ಈ ಕೂಟದ ನೆಪದಲ್ಲಿ ಸೇವಾಸಂಸ್ಥೆಗಳಿಗೆ ದೇಣಿಗೆಯೂ ಸಂಗ್ರಹವಾಗುತ್ತದೆ. ಗಾಳಿಯಂತ್ರಗಳು ತಿರುಗುವ ಗುಡ್ಡಗಳ ಸೀಮೆಯಾದ ಹೊಸದುರ್ಗದಲ್ಲಿ ಇಂತಹ ಓಟವೊಂದು ಏಕಾಗಬಾರದು?

‘ಚೆಕ್ ಬರೆದುಕೊಡುತ್ತೇವೆ, ಓಡುವುದೇಕೆ?’ ಎಂದು ಕೆಲವರು ಕೇಳಬಹುದು. ಚೆಕ್ಕಿನಿಂದ ಪಡೆದವರಿಗೆ ಲಾಭ. ಮೂರು ತಿಂಗಳ ಸಿದ್ಧತೆಯಿಂದ ಕೊಟ್ಟವರಿಗೂ ಲಾಭ. ಕೊನೆಯ ದಿನಾಂಕವಿಲ್ಲದಿದ್ದರೆ ನಾವು ರಿಟರ್ನನ್ನೇ ಸಲ್ಲಿಸುವುದಿಲ್ಲ. ಇನ್ನು ವ್ಯಾಯಾಮ ಮಾಡುವೆವೇ? ಓಟಕ್ಕೆ ದಿನ ಗೊತ್ತಾದರೆ ಬೆಳಗಿನ ಬಿಡುವಿಗೂ ಒಂದು ಶಿಸ್ತು ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮವನ್ನು ಸೂಚಿಸಿದೆ. ಅಂದರೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಮೊದಲ ತಿಂಗಳು ಬಿರುಸಿನ ನಡಿಗೆ ಸಾಕು. ಆನಂತರ ಒಂದು ನಿಮಿಷ ನಿಧಾನದ ಓಟ, ಎರಡು ನಿಮಿಷ ನಡಿಗೆ. ರಕ್ತದೊತ್ತಡ, ಮಧುಮೇಹ, ಹೃದ್ರೋಗವುಳ್ಳವರು ಮೊದಲು ವೈದ್ಯರನ್ನು ಕಾಣತಕ್ಕದ್ದು.

ವೃತ್ತಿಧರ್ಮದ ಒಂದು ಮಾತು: ರೂ. 2,000ಕ್ಕೆ ಮೀರಿದ ನಗದು ದೇಣಿಗೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿಯೂ ವಿನಾಯಿತಿಯಿಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ಸಂಗ್ರಹಿಸಿ, ಲೆಕ್ಕವನ್ನು ಬಹಿರಂಗಪಡಿಸೋಣ.

ನಮ್ಮ ಸಂಸ್ಥೆಯು ದಿನಾಂಕ ಗೊತ್ತುಮಾಡಲಿ. ಮೊದಲ ಹೆಸರು ನನ್ನದೇ ಇರಲಿ.