ಓದಿಸಿಕೊಂಡು ಹೋಗುವ ಪುಸ್ತಕ

ಎರಡು ವರ್ಷಗಳ ಹಿಂದೆ ನಮ್ಮ ಕೌಂಟಿಯ ಸಾರ್ವಜನಿಕ ಗ್ರಂಥಾಲಯವು ತನ್ನ ವಿಶ್ವಭಾಷೆಗಳ ವಿಭಾಗಕ್ಕೆ ಕನ್ನಡವನ್ನೂ ಸೇರಿಸಿಕೊಳ್ಳಲು ಒಪ್ಪಿ, ವಯಸ್ಕ ಓದುಗರಿಗೆ ತಕ್ಕ ನಲವತ್ತು ಕಾದಂಬರಿಗಳ ಪಟ್ಟಿಯೊಂದನ್ನು ಕೊಡಿರೆಂದು ಇಲ್ಲಿನ ಕನ್ನಡಿಗರನ್ನು ಕೇಳಿತು. ಪಟ್ಟಿ ಮಾಡಲು ಕುಳಿತವರು ನಾವು ಐವರು. ಐವರೂ ಪ್ರಗತಿಪರರು, ಐವರೂ ಓದಿಕೊಂಡವರು; ಒಳ್ಳೆಯ ಕಾದಂಬರಿ ಯಾವುದೆಂಬ ಬಗ್ಗೆ ಐವರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ‘ಸಂಸ್ಕಾರ’, ‘ಭಾರತೀಪುರ’, ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಗ್ರಾಮಾಯಣ’, ‘ಕುಸುಮಬಾಲೆ’ ಎಂದು ಒಂದೇ ಸಂಜೆಯಲ್ಲಿ ಪಟ್ಟಿ ಮುಗಿಯಿತು. ಕನ್ನಡ ಎಂ.ಎ. ತರಗತಿಗೆ ಪಠ್ಯವಾಗಿ ಹಾಗೆಯೇ ಒಪ್ಪಿಸಬಹುದಾಗಿದ್ದ ಪಟ್ಟಿ ಅದು. ನಡುವೆ ಯಾರೋ ತ್ರಿವೇಣಿಯವರ ಹೆಸರೆತ್ತಿದಾಗ ಕೋಣೆಯಲ್ಲಿ ಸಣ್ಣದೊಂದು ನಗು ಹರಿದಾಡಿತು. ನಕ್ಕವರಲ್ಲಿ ನಾನೂ ಇದ್ದೆ. ಈ ಬರಹ ಆ ನಗುವಿನ ವಿರುದ್ಧ.

ಮರುವರ್ಷ ಮೊಮ್ಮಗುವನ್ನು ನೋಡಿಕೊಳ್ಳಲು ನನ್ನ ತಾಯಿ ಬಂದರು. ಅವರಿಗೆ 68 ವರ್ಷ. ಕಾರು ಓಡಿಸಲು ಬಾರದವರಿಗೆ ಅಮೆರಿಕದ ಉಪನಗರವೆಂಬುದು ಎಷ್ಟು ದೊಡ್ಡ ಸೆರೆಮನೆಯೆಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಮಗು ಮಲಗಿದ ಮೇಲಿನ ಮೂರು ಗಂಟೆಗಳನ್ನು ಕಳೆಯಲು ಅವರಿಗೆ ಬೇಕಾಗಿದ್ದುದು ಒಂದು ಕಾದಂಬರಿ. ನಮ್ಮ ಪಟ್ಟಿಯಿಂದಲೇ ಹತ್ತು ಪುಸ್ತಕಗಳನ್ನು ಹೆಮ್ಮೆಯಿಂದ ತಂದುಕೊಟ್ಟೆ. ಹಿಂತಿರುಗಿಸುವ ದಿನ ಅವರು ಹೇಳಿದ ಮಾತು ಇದು: “ಎಲ್ಲಾ ಒಳ್ಳೇ ಪುಸ್ತಕಗಳೇ ಕಣೋ. ‘ಮರಳಿ ಮಣ್ಣಿಗೆ’ ಒಂದು ಬಿಟ್ರೆ ಓದಿಸ್ಕೊಂಡು ಹೋಗೋದು ಯಾವ್ದೂ ಇಲ್ಲ.”

ಕಾರಂತರ ಆ ಕಾದಂಬರಿಯನ್ನು ಅವರು ಎರಡು ಸಲ ಓದಿದ್ದರು. ಮೂರು ತಲೆಮಾರುಗಳ ಕತೆಯ ಭಾರ ಅವರಿಗೆ ತಡೆಯಾಗಿರಲಿಲ್ಲ. ಹಾಗಾಗಿ, ‘ಅಮ್ಮನಂಥವರಿಗೆ ಲಘುವಾದದ್ದೇ ಬೇಕು’ ಎಂಬ ಸುಲಭದ ತೀರ್ಮಾನಕ್ಕೆ ಬರುವವರು ಇಲ್ಲಿಯೇ ನಿಲ್ಲಬೇಕು. ಅವರು ಕೇಳಿದ್ದು ಲಘುವಾದುದನ್ನಲ್ಲ. ತಮ್ಮನ್ನು ಕೈಹಿಡಿದು ಕರೆದೊಯ್ಯುವಂಥದನ್ನು. ಮದುವೆಯಾಗಿ ಬಂದ ಮನೆಯಲ್ಲಿ, ಒಲೆಯ ಮೇಲೆ ಅನ್ನ ಬೇಯುವಷ್ಟು ಹೊತ್ತಿನ ಬಿಡುವಿನಲ್ಲಿ, ದಿನಕ್ಕಿಷ್ಟು ಪೈಸೆಯೆಂದು ಬಾಡಿಗೆಗೆ ತರಿಸಿಕೊಂಡ ಕಾದಂಬರಿಗಳನ್ನು ಮುಗಿಸಿದ ಓದುಗರು ಅವರು. ಯಾವ ಪುಸ್ತಕ ಅನ್ನ ಸೀದುಹೋಗುವಂತೆ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದು ನಮ್ಮ ಐವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಆ ಓದಿಗೆ, ಅದಕ್ಕೆ ಬರೆದ ಲೇಖಕಿಯರಿಗೆ, ಕನ್ನಡ ವಿಮರ್ಶೆ ಕೊಟ್ಟ ಹೆಸರು ‘ಅಡುಗೆಮನೆ ಸಾಹಿತ್ಯ’. ಜಾತಿಯ ಮಡಿಯನ್ನು ಮುರಿದವರೆಂದು ಎದೆಯುಬ್ಬಿಸಿಕೊಳ್ಳುವ ನಾವು ಸಾಹಿತ್ಯದ ಮಡಿಯನ್ನು ಮಾತ್ರ ಕಡಲು ದಾಟಿಸಿ ತಂದು, ಒಣಗಿಸಿ, ಉಟ್ಟುಕೊಂಡಿದ್ದೇವೆ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟವಾದದ್ದು 1963ರಲ್ಲಿ, ಅವರಿಗೆ ವಯಸ್ಸು ನಲವತ್ತೈದು ದಾಟಿದ ಮೇಲೆ. 1976ರ ‘ಫಣಿಯಮ್ಮ’ ಬಾಲವಿಧವೆಯೊಬ್ಬಳ ಕೇಶಮುಂಡನದ, ಮಡಿಯ, ಆಮೇಲಿನ ಮೌನ ಬಂಡಾಯದ ಕತೆ. ಅದನ್ನು ಪ್ರೇಮಾ ಕಾರಂತರು ಸಿನಿಮಾ ಮಾಡಿದ ಮೇಲೆಯೇ ನಮ್ಮಲ್ಲಿ ಅನೇಕರಿಗೆ ಅದು ಗಂಭೀರ ಕೃತಿಯಾಗಿ ಕಂಡಿತು. ತ್ರಿವೇಣಿಯವರ ‘ಶರಪಂಜರ’ದ ಪಾಡೂ ಬೇರೆಯಲ್ಲ. ಹೆರಿಗೆಯ ನಂತರದ ಮಾನಸಿಕ ಅಸ್ವಾಸ್ಥ್ಯವನ್ನೂ, ಗುಣವಾಗಿ ಮರಳಿದವಳನ್ನು ಮನೆಯವರೇ ಹುಚ್ಚಿಯಂತೆ ಕಾಣುವ ಕ್ರೌರ್ಯವನ್ನೂ ಆ ಕಾಲದಲ್ಲಿಯೇ ಬರೆದ ಕೃತಿಯದು. ಅದರ ದೋಷ ಒಂದೇ: ಲಕ್ಷಾಂತರ ಹೆಂಗಸರು ಅದನ್ನು ಕೆಳಗಿಡದೆ ಓದಿದರು.

‘ಪ್ರಗತಿಶೀಲ’ ಎಂಬ ಶಬ್ದದ ಕನ್ನಡ ಚರಿತ್ರೆಯನ್ನೇ ನಾವು ಮರೆತಂತಿದೆ. ಅ.ನ. ಕೃಷ್ಣರಾಯರು, ತ.ರಾ.ಸು., ಬಸವರಾಜ ಕಟ್ಟೀಮನಿ, ನಿರಂಜನ, ಚದುರಂಗ—ಆ ಪಂಥವನ್ನು ಕಟ್ಟಿದವರು ಸಾಮಾನ್ಯ ಓದುಗನನ್ನು ಹುಡುಕಿಕೊಂಡು ಹೋದವರು. ಅನಕೃ ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ವೇಶ್ಯೆಯರ ಬದುಕನ್ನು ಕುರಿತ ‘ನಗ್ನಸತ್ಯ’, ‘ಶನಿಸಂತಾನ’ಗಳಿಗಾಗಿ ಅಶ್ಲೀಲವೆಂಬ ಬೈಗುಳವನ್ನು ಹೊತ್ತರು. ಕಯ್ಯೂರಿನ ರೈತರ ಹೋರಾಟವನ್ನು ನಿರಂಜನರು ‘ಚಿರಸ್ಮರಣೆ’ಯಾಗಿಸಿದಾಗ ಅದನ್ನು ಕರಪತ್ರದಂತೆ ಬರೆಯಲಿಲ್ಲ, ಕತೆಯಾಗಿ ಬರೆದರು. ನವ್ಯ ಬಂದಿತು, ಜನಪ್ರಿಯವೆಂಬುದು ಬೈಗುಳವಾಯಿತು. ನವ್ಯಕ್ಕೆ ಅದರದೇ ಆದ ಕಾರಣಗಳಿದ್ದವು, ಅದರ ಸಾಧನೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ತಲೆಮಾರಿನ ತಿರಸ್ಕಾರವನ್ನು ಪಿತ್ರಾರ್ಜಿತವಾಗಿ ಪಡೆದ ನಾವು ಅದನ್ನೇ ಪ್ರಗತಿಪರತೆಯೆಂದು ಕರೆಯುತ್ತಿರುವುದು ಸೋಜಿಗವಲ್ಲವೇ?

ಗ್ರಂಥಾಲಯಗಳು ಈ ಜಗಳವನ್ನು ಬಹಳ ಹಿಂದೆಯೇ ಕಂಡಿವೆ. ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದ ತಳಹದಿಯಾದ 1852ರ ವರದಿಯಲ್ಲಿ, ಜನ ಬಯಸುವ ಹೊಸ ಪುಸ್ತಕಗಳನ್ನು ಹಲವು ಪ್ರತಿ ಕೊಂಡು, ಅವು ಬಿಸಿಯಾಗಿರುವಾಗಲೇ ಮನೆಗೆ ಕೊಟ್ಟು ಕಳಿಸಬೇಕೆಂದು ವಾದಿಸಿದವರು ಜಾರ್ಜ್ ಟಿಕ್ನರ್—ಸ್ಪ್ಯಾನಿಷ್ ಸಾಹಿತ್ಯದ ಚರಿತ್ರೆ ಬರೆದ ಮಹಾವಿದ್ವಾಂಸ. ಬೆಂಗಳೂರಿನಲ್ಲಿ 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿಯೇ ನಿರೂಪಿಸಿದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗರಿಗೂ ಅವರದೇ ಪುಸ್ತಕ ಸಿಗಬೇಕೆನ್ನುತ್ತದೆ. ಅವರ ಯೋಗ್ಯತೆಗೆ ನಾವು ನಿಗದಿಪಡಿಸಿದ ಪುಸ್ತಕ ಎಂದಲ್ಲ.

ಸಿಯಾಟಲ್‌ನ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ರೀತಿ ನನಗೆ ಇನ್ನೂ ಹತ್ತಿರದ್ದು. ಓದುಗರು ಕಾದಂಬರಿಯೊಳಕ್ಕೆ ಹೋಗುವ ಬಾಗಿಲುಗಳು ನಾಲ್ಕು ಎನ್ನುತ್ತಾರೆ ಅವರು: ಕತೆ, ಪಾತ್ರ, ಪರಿಸರ, ಭಾಷೆ. ಐವತ್ತು ಪುಟ ಓದಿಯೂ ಹಿಡಿಸದ ಪುಸ್ತಕವನ್ನು ಪಾಪಪ್ರಜ್ಞೆಯಿಲ್ಲದೆ ಕೆಳಗಿಡಬಹುದು. ಐವತ್ತು ವರ್ಷ ದಾಟಿದವರಾದರೆ ನೂರರಿಂದ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಸಾಕು. ನನ್ನ ತಾಯಿಗೆ 32 ಪುಟ. ಇದನ್ನು ಕೇಳಿ ಅವರು ನಕ್ಕರು. ‘ಭಾರತೀಪುರ’ಕ್ಕೆ ಅಷ್ಟು ಕೊಟ್ಟಿದ್ದೇನೆ ಎಂದರು. ನಿಮಗೆ ತುಂಬ ಹಿಡಿಸಿದ ಪುಸ್ತಕ ಯಾವುದು, ಅದರಲ್ಲಿ ಹಿಡಿಸಿದ್ದೇನು ಎಂದು ಆಗ ಮೊದಲ ಬಾರಿಗೆ ಕೇಳಿದೆ. (ಮೂವತ್ತು ವರ್ಷಗಳಿಂದ ಅವರಿಗೆ ಪುಸ್ತಕ ತಂದುಕೊಡುತ್ತಿರುವ ಮಗ ನಾನು.) ‘ಫಣಿಯಮ್ಮ’ ಎಂದರು, ಆ ಮಲೆನಾಡಿನ ಮನೆ, ತುಂಬಿದ ಜನ, ಅಲ್ಲಿಯ ಮಾತು. ಅಂದರೆ ಪರಿಸರದ ಬಾಗಿಲು. ಊರಿನಿಂದ ತೇಜಸ್ವಿಯವರ ‘ಕರ್ವಾಲೊ’, ‘ಜುಗಾರಿ ಕ್ರಾಸ್’ಗಳನ್ನು ತರಿಸಿದೆ. ಎರಡನೆಯದನ್ನು ಎರಡು ದಿನದಲ್ಲಿ ಮುಗಿಸಿದರು. ಹಾರುವ ಓತಿಯನ್ನು ಹುಡುಕಿಕೊಂಡು ಹೋದವರ ಕತೆಯನ್ನು ಮಗುವಿಗೆ ಊಟ ಮಾಡಿಸುವಾಗ ಹೇಳುತ್ತಿದ್ದರು.

ಇದು ರುಚಿಯ ಪ್ರಶ್ನೆಯಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇಲ್ಲಿನ ಗ್ರಂಥಾಲಯಗಳಲ್ಲಿ ಯಾರೂ ಕೊಂಡೊಯ್ಯದ ಪುಸ್ತಕ ಬಹುಕಾಲ ಕಪಾಟಿನಲ್ಲಿ ಉಳಿಯುವುದಿಲ್ಲ. ಅದನ್ನು ತೆಗೆದುಹಾಕುವುದಕ್ಕೆ ಗ್ರಂಥಪಾಲಕರ ಪರಿಭಾಷೆಯಲ್ಲಿ ‘ಕಳೆ ಕೀಳುವುದು’ ಎಂದೇ ಹೆಸರು. ಕಳೆದ ತಿಂಗಳು ವಿಚಾರಿಸಿದಾಗ ತಿಳಿದದ್ದು: ನಮ್ಮ ನಲವತ್ತರಲ್ಲಿ ಇಪ್ಪತ್ತಾರು ಪುಸ್ತಕಗಳು ಒಮ್ಮೆಯೂ ಹೊರಗೆ ಹೋಗಿಲ್ಲ. ಹೋದವುಗಳಲ್ಲಿ ಹೆಚ್ಚಿನವು ನನ್ನ ಕಾರ್ಡಿನಲ್ಲಿಯೇ ಹೋಗಿರಬೇಕು. ಹೀಗೆಯೇ ಮುಂದುವರಿದರೆ ಆ ಜಾಗ ಬೇರೊಂದು ಭಾಷೆಗೆ ಹೋಗುತ್ತದೆ. ಕನ್ನಡವನ್ನು ಅಲ್ಲಿಂದ ಕಿತ್ತವರು ಯಾವ ಶತ್ರುಗಳೂ ಅಲ್ಲ, ನಾವೇ.

ಇನ್ನು, ಗೆಳೆಯರು ನನ್ನೆದುರು ಹಿಡಿಯುವ ಆಕ್ಷೇಪ: ಓದಿಸಿಕೊಳ್ಳುವುದೇ ಮಾನದಂಡವಾದರೆ ಭೈರಪ್ಪನವರನ್ನೂ ಇಡಬೇಕಾಗುತ್ತದಲ್ಲ? ಹೌದು, ಇಡಬೇಕು. 2007ರಲ್ಲಿ ಬಂದ ‘ಆವರಣ’ ಮರುಮುದ್ರಣಗಳ ಮೇಲೆ ಮರುಮುದ್ರಣ ಕಂಡಿತು. ಅದರ ಇತಿಹಾಸದೃಷ್ಟಿಯನ್ನು ನಾನು ಒಪ್ಪುವುದಿಲ್ಲ. ಅನಂತಮೂರ್ತಿಯವರು ಅದನ್ನು ಖಂಡಿಸಿದಾಗ ಅವರ ಪಕ್ಷದಲ್ಲಿಯೇ ಇದ್ದೆ. ಆದರೆ ಖಂಡನೆಯನ್ನು ಓದಿದವರು ಎಷ್ಟು ಮಂದಿ, ಕಾದಂಬರಿಯನ್ನು ಓದಿದವರು ಎಷ್ಟು ಮಂದಿ? ಜನರಿಗೆ ಕತೆ ಹೇಳುವ ಕೆಲಸವನ್ನು ಕೀಳೆಂದು ಬಿಟ್ಟುಕೊಟ್ಟವರು ನಾವು. ಬಿಟ್ಟ ಜಾಗ ಖಾಲಿ ಉಳಿಯುತ್ತದೆಯೆ? ಪಕ್ಕದಲ್ಲಿಯೇ ‘ದುರ್ಗಾಸ್ತಮಾನ’ವಿರಲಿ, ‘ಚಿರಸ್ಮರಣೆ’ಯಿರಲಿ, ‘ಘಾಚರ್ ಘೋಚರ್’ ಇರಲಿ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ಇರಲಿ, ಅವನಿಂದ ಓದು ಕಲಿತವರು ನಮ್ಮಲ್ಲಿಯೇ ಇದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಯಾವುದನ್ನು ಎತ್ತಿಕೊಳ್ಳಬೇಕೆಂಬುದನ್ನು ಓದುಗರೇ ನಿರ್ಧರಿಸಲಿ.

ಗ್ರಂಥಾಲಯ ಈ ವರ್ಷ ಇನ್ನೂ ಇಪ್ಪತ್ತು ಹೆಸರುಗಳನ್ನು ಕೇಳಿದೆ. ಈ ಬಾರಿ ನಾವು ಐವರು ಕೂರಲಿಲ್ಲ. ಶನಿವಾರದ ಕನ್ನಡ ತರಗತಿಗೆ ಮೊಮ್ಮಕ್ಕಳನ್ನು ಕರೆತಂದು ಹೊರಗೆ ಬೆಂಚಿನ ಮೇಲೆ ಕಾಯುವ ಅಜ್ಜಿ-ತಾತಂದಿರ ನಡುವೆ ಒಂದು ಹಾಳೆ ಹಿಡಿದು ಕುಳಿತೆ. ಪಟ್ಟಿಯ ಮೊದಲ ಹೆಸರು ‘ಜುಗಾರಿ ಕ್ರಾಸ್’, ಎರಡನೆಯದು ‘ಶರಪಂಜರ’. ಆಕ್ಷೇಪವಿರುವವರು ಅವಶ್ಯವಾಗಿ ಬರೆಯಿರಿ. ಆದರೆ ಅದಕ್ಕೆ ಮೊದಲು ಐವತ್ತು ಪುಟ ಓದಿ; ವಯಸ್ಸಾದವರಿಗೆ ರಿಯಾಯಿತಿ ಇದ್ದೇ ಇದೆ.