‘ಮ್ಯಾಲರಿ ಟವರ್ಸ್’: ಓದುಗರ ತೀರ್ಪು ಮತ್ತು ಗ್ವೆಂಡೊಲಿನಳ ಹೃದಯ

ಒಂದೇ ಪುಸ್ತಕವನ್ನು ಹತ್ತನೆಯ ವಯಸ್ಸಿನಲ್ಲಿ ಓದಿ ಒಂದು ತೀರ್ಪು ಕೊಟ್ಟವರು, ನಲವತ್ತನೆಯ ವಯಸ್ಸಿನಲ್ಲಿ ಮತ್ತೆ ಅದನ್ನು ಕೈಗೆತ್ತಿಕೊಂಡಾಗ ತೀರ ವಿರುದ್ಧವಾದ ತೀರ್ಪು ಕೊಡುವುದುಂಟು. ಇಂಗ್ಲೆಂಡಿನ ಲೇಖಕಿ ಎನಿಡ್ ಬ್ಲೈಟನ್ (1897–1968) ಅವರ ‘ಮ್ಯಾಲರಿ ಟವರ್ಸ್’ ಕಥಾಮಾಲೆ ಇದಕ್ಕೆ ಒಳ್ಳೆಯ ನಿದರ್ಶನ. 1946ರಿಂದ 1951ರವರೆಗೆ ವರ್ಷಕ್ಕೊಂದರಂತೆ ಆರು ಪುಸ್ತಕಗಳಾಗಿ ಹೊರಬಂದ ಈ ಕಥೆಗಳು ಹುಡುಗಿಯರ ವಸತಿಶಾಲೆಯೊಂದರ ಜೀವನವನ್ನು ಚಿತ್ರಿಸುತ್ತವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಕಳುಹಿಸಿದ ಕನ್ನಡಿಗರ ಮನೆಗಳಿಗೂ ಇವು ಹೊಸವಲ್ಲ. ತಾಯಿ ಓದಿ ಹಳದಿಗಟ್ಟಿದ ಪ್ರತಿಯನ್ನೇ ಮಗಳು ಓದುತ್ತಿರುವ ಮನೆಗಳೂ ಉಂಟು. ಆದರೆ ತಾಯಿಯ ಅಭಿಪ್ರಾಯವೂ ಮಗಳ ಅಭಿಪ್ರಾಯವೂ ಒಂದೇ ಆಗಿರುವುದು ಅಪರೂಪ. ಈ ಭಿನ್ನಾಭಿಪ್ರಾಯದಲ್ಲಿ ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಗಂಭೀರ ಪ್ರಶ್ನೆ ಅಡಗಿದೆ.

ಕಥೆಯ ರಂಗಸ್ಥಳ ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಕರಾವಳಿ. ಕಡಲಿಗೆ ಅಭಿಮುಖವಾಗಿ ಕೋಟೆಯಂತೆ ನಿಂತ ಕಟ್ಟಡ. ಅದಕ್ಕೆ ನಾಲ್ಕು ದಿಕ್ಕಿನ ಹೆಸರು ಹೊತ್ತ ನಾಲ್ಕು ಗೋಪುರಗಳು. ಒಂದೊಂದು ಗೋಪುರವೂ ಒಂದೊಂದು ವಿದ್ಯಾರ್ಥಿನಿಲಯ. ಕೆಳಗೆ ಬಂಡೆಗಳ ನಡುವೆ ಸಮುದ್ರದ ನೀರು ತುಂಬಿ ನಿಲ್ಲುವ ಈಜುಕೊಳ. ಹನ್ನೆರಡು ವರ್ಷದ ಡ್ಯಾರೆಲ್ ರಿವರ್ಸ್ ಇಲ್ಲಿಗೆ ಬಂದು ಸೇರುವಲ್ಲಿ ಕಥೆ ಆರಂಭವಾಗುತ್ತದೆ; ಅವಳು ಶಾಲೆಯ ಪ್ರಮುಖ ವಿದ್ಯಾರ್ಥಿನಿಯಾಗಿ ಬೀಳ್ಕೊಳ್ಳುವಲ್ಲಿ ಮುಗಿಯುತ್ತದೆ. ಡ್ಯಾರೆಲ್ ಸರಳ ಹೃದಯದವಳು, ಆದರೆ ಮುಂಗೋಪಿ. ಅವಳ ತಂದೆ ಶಸ್ತ್ರವೈದ್ಯರು. ಬ್ಲೈಟನ್ ಅವರು 1943ರಲ್ಲಿ ವಿವಾಹವಾದ ಎರಡನೆಯ ಪತಿ ಕೆನೆತ್ ಡ್ಯಾರೆಲ್ ವಾಟರ್ಸ್ ಅವರೂ ಶಸ್ತ್ರವೈದ್ಯರೇ. ‘ಡ್ಯಾರೆಲ್’ ಎಂಬುದು ನಾಯಕಿಯ ಹೆಸರಾಯಿತು. ನೀರನ್ನು ಸೂಚಿಸುವ ‘ವಾಟರ್ಸ್’ ನದಿಗಳನ್ನು ಸೂಚಿಸುವ ‘ರಿವರ್ಸ್’ ಆಯಿತು. ವೈದ್ಯರ ಮನೆಯಲ್ಲಿದ್ದು ಬರೆದ ಈ ಕಥೆಗಳಲ್ಲಿ ಕಾಯಿಲೆ, ಹಾಸಿಗೆ, ದಾದಿ, ವೈದ್ಯರು ಮತ್ತೆ ಮತ್ತೆ ಕಾಣಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಮೆಚ್ಚುವ ಓದುಗರ ಮಾತನ್ನು ಮೊದಲು ಕೇಳುವುದು ನ್ಯಾಯ. ಅವರಿಗೆ ಈ ಶಾಲೆ ಸ್ನೇಹದ ಪಾಠಶಾಲೆ. ಕಥೆ ಹೊರಬಂದ ಕಾಲದಲ್ಲಿ ಬ್ರಿಟನ್ ಮಹಾಯುದ್ಧದಿಂದ ಬಳಲಿತ್ತು. ಮಿಠಾಯಿಯ ಮೇಲಿನ ರೇಷನ್ ಕೊನೆಗೊಂಡದ್ದು 1953ರಲ್ಲಿ. ಅಂಥ ಮಕ್ಕಳಿಗೆ ನಡುರಾತ್ರಿ ಕದ್ದು ನಡೆಸುವ ಔತಣ, ಕೇಕು, ಕಡಲ ಈಜು, ನಾಟಕದ ತಾಲೀಮು ಇವೆಲ್ಲ ಸ್ವರ್ಗದ ವರ್ಣನೆಯಂತೆ ಕಂಡಿರಬೇಕು. ದೂರದ ಭಾರತದಲ್ಲಿ ಬಾಡಿಗೆ ಪುಸ್ತಕಾಲಯದಿಂದ ತಂದು ಓದಿದ ಹುಡುಗಿಯರಿಗೂ ಹಾಗೆಯೇ ಕಂಡಿತು. ಅದಕ್ಕಿಂತ ಮಿಗಿಲಾಗಿ, ಇಲ್ಲಿ ಹುಡುಗಿಯರೇ ನಿರ್ಣಯ ಕೈಗೊಳ್ಳುತ್ತಾರೆ, ತಪ್ಪು ಮಾಡುತ್ತಾರೆ, ಕ್ಷಮೆ ಕೇಳುತ್ತಾರೆ. ಮುಖ್ಯೋಪಾಧ್ಯಾಯಿನಿ ಮಿಸ್ ಗ್ರೇಲಿಂಗ್ ಹೊಸಬರಿಗೆ ಮಾಡುವ ಉಪದೇಶದ ಸಾರವೇನೆಂದರೆ, ಬಹುಮಾನ ಗೆದ್ದವರಿಗಿಂತ ದಯೆಯುಳ್ಳವರೂ ನಂಬಿಕೆಗೆ ಅರ್ಹರೂ ಆಗಿ ಹೊರಬಂದವರೇ ಶಾಲೆಯ ನಿಜವಾದ ಗೆಲುವು. ಅಂಕಗಳ ಹಿಂದೆ ಓಡುವ ಇಂದಿನ ದಿನಗಳಲ್ಲಿ ಈ ಮಾತು ಹಳತಾಗಿದೆ ಎನ್ನಲಾಗದು.

ಆಕ್ಷೇಪಿಸುವ ಓದುಗರ ವಾದವೂ ಹಗುರವಾದುದಲ್ಲ. ಇದು ಸಿರಿವಂತರ ಮಕ್ಕಳ ಲೋಕ. ಫ್ರೆಂಚ್ ಪಾಠ ಹೇಳುವ ಅಧ್ಯಾಪಕಿಯರು ಇಲ್ಲಿ ನಗೆಯ ಸರಕು. ಅಮೆರಿಕದಿಂದ ಬಂದ ಹುಡುಗಿ ಇಂಗ್ಲಿಷರಂತೆ ನಡೆದುಕೊಳ್ಳಲು ಕಲಿಯುವವರೆಗೆ ಹಾಸ್ಯದ ವಸ್ತು. ಮೊದಲ ಪುಸ್ತಕದಲ್ಲಿ ಡ್ಯಾರೆಲ್ ಕೋಪದ ಭರದಲ್ಲಿ ಸಹಪಾಠಿಗೆ ಹೊಡೆಯುತ್ತಾಳೆ. ಹೊಸ ಮುದ್ರಣಗಳಲ್ಲಿ ಪ್ರಕಾಶಕರು ಇಂಥ ಮಾತುಗಳನ್ನು ಅಲ್ಲಲ್ಲಿ ಮೆದುಗೊಳಿಸಿದ್ದಾರೆ. ಆದರೂ 2009ರಿಂದ ಬೇರೊಬ್ಬ ಲೇಖಕಿ ಈ ಶಾಲೆಯ ಕಥೆಯನ್ನು ಮುಂದುವರಿಸಿ ಬರೆದದ್ದನ್ನೂ, 2020ರಲ್ಲಿ ಬಿಬಿಸಿ ಇದನ್ನು ದೂರದರ್ಶನಕ್ಕೆ ಅಳವಡಿಸಿದ್ದನ್ನೂ ನೋಡಿದರೆ ಆಕ್ಷೇಪಗಳಿಂದ ಅದರ ಜನಪ್ರಿಯತೆ ಕುಂದಿಲ್ಲವೆಂಬುದು ಸ್ಪಷ್ಟ.

ಈ ಎರಡು ಪಕ್ಷಗಳ ನಡುವೆ ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾಗುವವಳು ನಾಯಕಿಯಲ್ಲ. ಗ್ವೆಂಡೊಲಿನ್ ಮೇರಿ ಲೇಸಿ ಎಂಬ ಹುಡುಗಿ. ತಾಯಿಯ ಅತಿಮುದ್ದಿನಲ್ಲಿ, ಮನೆಯಲ್ಲೇ ಇದ್ದ ಅಧ್ಯಾಪಕಿಯ ಹೊಗಳಿಕೆಯಲ್ಲಿ ಬೆಳೆದವಳು. ಸೋಮಾರಿ, ಜಂಬಗಾತಿ, ಸುಳ್ಳುಗಾತಿ. ಅಂಜುಬುರುಕಿಯಾದ ಮೇರಿ-ಲೂ ಎಂಬವಳನ್ನು ಈಜುಕೊಳದಲ್ಲಿ ನೀರೊಳಗೆ ಅದುಮುತ್ತಾಳೆ. ಅವಳ ಲೇಖನಿಯನ್ನು ತುಳಿದು ಮುರಿದು ಆ ಅಪವಾದವನ್ನು ಡ್ಯಾರೆಲಳ ತಲೆಗೆ ಕಟ್ಟಲು ನೋಡುತ್ತಾಳೆ. ಹತ್ತು ವರ್ಷದ ಓದುಗರು ಇವಳನ್ನು ಮನಸಾರೆ ದ್ವೇಷಿಸುತ್ತಾರೆ. ಅದು ಸಹಜವೇ. ಆದರೆ ಪ್ರಾಯಕ್ಕೆ ಬಂದು ಮತ್ತೆ ಓದಿದವರಿಗೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಆರು ವರ್ಷಗಳ ಕಾಲ ಈ ಹುಡುಗಿಗೆ ಆ ಶಾಲೆಯಲ್ಲಿ ನೆಲೆಯಾದ ಗೆಳತಿ ಒಬ್ಬಳೂ ಇರಲಿಲ್ಲ.

ಈ ಕಥೆಗಳಲ್ಲಿ ಬರುವ ಕಾಯಿಲೆಗಳನ್ನು ಒಂದೊಂದಾಗಿ ನೋಡಿದರೆ ಲೇಖಕಿಯ ಬಲವೂ ದೌರ್ಬಲ್ಯವೂ ಒಟ್ಟಿಗೇ ತೋರುತ್ತವೆ. ಮೊದಲ ಪುಸ್ತಕದಲ್ಲಿ ಸ್ಯಾಲಿ ಹೋಪ್ ಎಂಬ ಮೌನಿ ಹುಡುಗಿ ತನಗೆ ತಂಗಿಯೇ ಇಲ್ಲವೆಂದು ಸಾಧಿಸುತ್ತಾಳೆ. ಮನೆಯಲ್ಲಿ ಹಸುಗೂಸು ಹುಟ್ಟಿದ ಮೇಲೆ ತನ್ನನ್ನು ದೂರ ಕಳುಹಿಸಿದರೆಂಬ ಸಂಕಟ ಅವಳದು. ಮಾತಿಗೆ ಮಾತು ಬೆಳೆದು ಡ್ಯಾರೆಲ್ ಅವಳನ್ನು ತಳ್ಳುತ್ತಾಳೆ. ಅನಂತರ ಸ್ಯಾಲಿಗೆ ತೀವ್ರ ಹೊಟ್ಟೆನೋವು. ತನ್ನ ತಳ್ಳುವಿಕೆಯಿಂದಲೇ ಹೀಗಾಯಿತೆಂದು ಡ್ಯಾರೆಲ್ ಬೆಂದುಹೋಗುತ್ತಾಳೆ. ಡ್ಯಾರೆಲಳ ತಂದೆಯೇ ಬಂದು ಅಪೆಂಡಿಸೈಟಿಸ್ ಶಸ್ತ್ರಕ್ರಿಯೆ ನಡೆಸುತ್ತಾರೆ. ತಳ್ಳಿದ್ದಕ್ಕೂ ಈ ರೋಗಕ್ಕೂ ಸಂಬಂಧವಿಲ್ಲವೆಂದು ತಿಳಿದು ಮಗಳ ಮನಸ್ಸು ಹಗುರವಾಗುತ್ತದೆ. ವೈದ್ಯಕೀಯ ದೃಷ್ಟಿಯಿಂದಲೂ ಈ ಮಾತು ಸರಿಯೇ. ಕರುಳಿಗೆ ಅಂಟಿದ ಆ ಸಣ್ಣ ನಾಳದ ಬಾಯಿ ಕಟ್ಟಿ ಉರಿಯೂತವಾಗುವುದೇ ಈ ರೋಗಕ್ಕೆ ಸಾಮಾನ್ಯ ಕಾರಣ. ದೇಹದ ನೋವನ್ನೂ ಮನಸ್ಸಿನ ನೋವನ್ನೂ ಲೇಖಕಿ ಇಲ್ಲಿ ಒಟ್ಟಿಗೆ ಕಂಡು ಎರಡಕ್ಕೂ ಮದ್ದು ಹುಡುಕಿದ್ದಾರೆ.

1947ರ ಎರಡನೆಯ ಪುಸ್ತಕದಲ್ಲಿ ಎಲೆನ್ ಎಂಬವಳು ವಿದ್ಯಾರ್ಥಿವೇತನ ಪಡೆದು ಬಂದ ಬಡ ಮನೆಯ ಹುಡುಗಿ. ಹೆತ್ತವರ ಖರ್ಚಿಗೆ ತಕ್ಕವಳಾಗಬೇಕೆಂಬ ಭಾರದಿಂದ ಓದಿ ಓದಿ ಬಳಲುತ್ತಾಳೆ, ಸಿಡುಕುತ್ತಾಳೆ, ಪ್ರಶ್ನೆಪತ್ರಿಕೆಯನ್ನು ಕದ್ದು ನೋಡುವ ಪ್ರಲೋಭನೆಗೂ ಒಳಗಾಗುತ್ತಾಳೆ, ಕೊನೆಗೆ ಹಾಸಿಗೆ ಹಿಡಿಯುತ್ತಾಳೆ. ಅವಳಿಗೆ ಬೇಕಾದದ್ದು ಶಿಕ್ಷೆಯಲ್ಲ, ವಿಶ್ರಾಂತಿ ಎಂಬುದನ್ನು ಕಥೆ ಒಪ್ಪುತ್ತದೆ. ಪರೀಕ್ಷೆಯ ಭಯದಲ್ಲಿ ನಿದ್ರೆಗೆಟ್ಟ ಮಕ್ಕಳನ್ನು ಕಂಡ ಯಾವ ತಾಯಿತಂದೆಗೂ ಎಲೆನ್ ಅಪರಿಚಿತಳಲ್ಲ.

ಆದರೆ ಮುಂದಿನ ಪುಸ್ತಕಗಳಲ್ಲಿ ಕಾಯಿಲೆಯ ಅರ್ಥ ಬದಲಾಗುತ್ತದೆ. ತನ್ನ ಕಂಠದ ಬಗ್ಗೆ ಗರ್ವಪಡುವ ಮೇವಿಸ್, ಅನುಮತಿಯಿಲ್ಲದೆ ಸ್ಪರ್ಧೆಗೆ ಹೋಗಿ ಮಳೆಯಲ್ಲಿ ನೆನೆದು, ಕಾಯಿಲೆ ಬಿದ್ದು ದನಿಯನ್ನೇ ಕಳೆದುಕೊಳ್ಳುತ್ತಾಳೆ. ದನಿ ಹೋದ ಮೇಲೆ ಒಳ್ಳೆಯವಳಾಗುತ್ತಾಳೆ. ರೋಗವೆಂಬುದು ಇಲ್ಲಿ ದಂಡನೆ. 1949ರ ನಾಲ್ಕನೆಯ ಪುಸ್ತಕದಲ್ಲಿ ಗ್ವೆಂಡೊಲಿನಳ ಸರದಿ. ಕ್ಲಾರಿಸ್ಸಾ ಎಂಬ ಹೊಸ ಹುಡುಗಿಗೆ ನಿಜವಾಗಿಯೂ ದುರ್ಬಲ ಹೃದಯ. ಅವಳಿಗೆ ಆಟದಿಂದಲೂ ಈಜಿನಿಂದಲೂ ವಿನಾಯಿತಿ. ಅದನ್ನು ಕಂಡ ಗ್ವೆಂಡೊಲಿನ್ ತನಗೂ ಎದೆ ಡವಗುಟ್ಟುತ್ತದೆಂದು ತಾಯಿಗೆ ತಿಳಿಸುತ್ತಾಳೆ. ಪರೀಕ್ಷೆಯನ್ನು ತಪ್ಪಿಸಿಕೊಳ್ಳುವುದು ಅವಳ ಉದ್ದೇಶ. ಗಾಬರಿಗೊಂಡ ತಾಯಿ ಮನೆಗೆ ಕರೆದೊಯ್ಯುತ್ತಾಳೆ. ತಜ್ಞವೈದ್ಯರು ಪರೀಕ್ಷಿಸಿ ಹೃದಯಕ್ಕೆ ಏನೂ ಆಗಿಲ್ಲವೆನ್ನುತ್ತಾರೆ. ಕೋಪಗೊಂಡ ತಂದೆ ಅವಳನ್ನು ಪರೀಕ್ಷೆಗೆ ಹಿಂದಕ್ಕೆ ಅಟ್ಟುತ್ತಾನೆ. ಗೆಳತಿಯರು ನಗುತ್ತಾರೆ; ಓದುಗರೂ ನಗುತ್ತಾರೆ.

ಪ್ರೌಢ ಓದುಗರು ತಡೆದು ನಿಲ್ಲಬೇಕಾದ ಸ್ಥಳ ಇದು. ವೈದ್ಯರ ಮಾತಿನಲ್ಲಿ ತಪ್ಪಿಲ್ಲ. ಗ್ವೆಂಡೊಲಿನ್ ಸುಳ್ಳು ಹೇಳಿದ್ದೂ ನಿಜ. ಆದರೆ ಹೃದಯಕ್ಕೆ ರೋಗವಿಲ್ಲವೆಂದು ತಿಳಿದ ಮೇಲೆ, ಈ ಮಗು ರೋಗವನ್ನು ಏಕೆ ಬಯಸಿತು ಎಂದು ಕೇಳಿದವರು ಯಾರು? ತಾಯಿ ಕೇಳಲಿಲ್ಲ, ತಂದೆ ಕೇಳಲಿಲ್ಲ, ಇಷ್ಟು ವಿವೇಕವುಳ್ಳ ಮಿಸ್ ಗ್ರೇಲಿಂಗ್ ಅವರ ಶಾಲೆಯೂ ಆಳಕ್ಕಿಳಿದು ಕೇಳಲಿಲ್ಲ. ಸ್ಯಾಲಿಯ ಸುಳ್ಳಿನ ಹಿಂದೆ ಇದ್ದ ಸಂಕಟವನ್ನು ಹುಡುಕಿ ತೆಗೆದ ಅದೇ ಲೇಖನಿ, ಗ್ವೆಂಡೊಲಿನಳ ಸುಳ್ಳಿನ ಮುಂದೆ ನಿಂತುಬಿಟ್ಟಿತು. ಕಾರಣ ಇಷ್ಟೆ: ಸ್ಯಾಲಿ ಮುಂದೆ ನಾಯಕಿಯ ಆಪ್ತಗೆಳತಿಯಾಗಬೇಕಾದವಳು, ಗ್ವೆಂಡೊಲಿನ್ ಯಾರಿಗೂ ಬೇಡವಾದವಳು.

ಮಕ್ಕಳ ವೈದ್ಯರು ಇಂದು ಈ ವಿಷಯವನ್ನು ಹೆಚ್ಚು ಸೂಕ್ಷ್ಮವಾಗಿ ನೋಡುತ್ತಾರೆ. ಶಾಲೆಗೆ ಹೋಗುವ ಮುಂಜಾನೆ ಬರುವ ಹೊಟ್ಟೆನೋವು, ಪರೀಕ್ಷೆಯ ಮುನ್ನಾದಿನದ ತಲೆನೋವು, ಎದೆಬಡಿತ ಇವೆಲ್ಲ ಬಹುಪಾಲು ಮಕ್ಕಳಲ್ಲಿ ನಟನೆಯಲ್ಲ. ಆತಂಕವು ನರಮಂಡಲದ ಮೂಲಕ ಕರುಳು, ಹೃದಯ, ಉಸಿರು ಎಲ್ಲದರ ಗತಿಯನ್ನು ಬದಲಿಸಬಲ್ಲದು; ಆದ್ದರಿಂದ ಅಂಗಕ್ಕೆ ರೋಗವಿಲ್ಲದಿದ್ದರೂ ನೋವು ನಿಜವೇ ಆಗಿರುತ್ತದೆ. ರಜೆಯ ದಿನ ಮಾಯವಾಗುವ ನೋವು ಸುಳ್ಳೆಂದು ಸಿದ್ಧವಾಗುವುದಿಲ್ಲ. ಶಾಲೆಯಲ್ಲಿ ಏನೋ ನೋಯಿಸುತ್ತಿದೆ ಎಂಬುದಕ್ಕೆ ಅದು ಸೂಚನೆಯಾಗಿರಬಹುದು. ಬೇಕೆಂದೇ ಸುಳ್ಳು ಹೇಳುವ ಮಗುವೂ ಇರಬಹುದು. ಆ ಸುಳ್ಳಿಗೂ ಒಂದು ಕಾರಣವಿರುತ್ತದೆ.

ಹಾಗೆಂದು ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯುವುದೂ ಅಪಾಯಕರ. ಸ್ಯಾಲಿಯ ಪ್ರಸಂಗ ಕಲಿಸುವ ಪಾಠವೇ ಅದು. ಹೊಕ್ಕುಳ ಸುತ್ತ ಆರಂಭವಾಗಿ ಬಲಗಡೆಯ ಕೆಳಹೊಟ್ಟೆಗೆ ಸರಿಯುವ ನೋವು, ವಾಂತಿ, ಜ್ವರ, ನಡೆದರೆ ಹೆಚ್ಚುವ ನೋವು ಇವು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಹೊಟ್ಟೆ ಶುದ್ಧಿಯಾಗಲೆಂದು ಭೇದಿಯ ಔಷಧ ಕೊಡಬಾರದು. ನಿದ್ರೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಆಟವಾಡುವಾಗ ತಲೆಸುತ್ತಿ ಬೀಳುವುದು ಇವೂ ಉಪೇಕ್ಷಿಸುವಂಥವಲ್ಲ. ಮೊದಲು ದೇಹದ ಪರೀಕ್ಷೆ, ಅದರ ಜೊತೆಯಲ್ಲೇ ಮನಸ್ಸಿನ ವಿಚಾರಣೆ: ಇದು ಸರಿಯಾದ ಕ್ರಮ. ಗ್ವೆಂಡೊಲಿನಳಿಗೆ ಮೊದಲನೆಯದು ದೊರೆಯಿತು, ಎರಡನೆಯದು ದೊರೆಯಲಿಲ್ಲ.

ಕೊನೆಯ ಪುಸ್ತಕದಲ್ಲಿ ಲೇಖಕಿ ಅವಳಿಗೆ ದೊಡ್ಡ ಪೆಟ್ಟನ್ನೇ ಕೊಡುತ್ತಾರೆ. ಸ್ವಿಟ್ಜರ್ಲೆಂಡಿನ ದುಬಾರಿ ಶಾಲೆಗೆ ಹೋಗಬೇಕೆಂದು ತಂದೆಯೊಡನೆ ಹಟದಿಂದ ಕಾದಾಡಿ ಬಂದವಳಿಗೆ, ಆ ತಂದೆಯೇ ಕಠಿಣ ರೋಗಕ್ಕೆ ತುತ್ತಾದ ಸುದ್ದಿ ಬರುತ್ತದೆ. ಅವಳು ಪಶ್ಚಾತ್ತಾಪದಿಂದ ಅಳುತ್ತ ಶಾಲೆ ಬಿಡುತ್ತಾಳೆ. ತಂದೆ ಬದುಕುತ್ತಾರೆ, ಆದರೆ ಮೊದಲಿನಂತಾಗುವುದಿಲ್ಲ. ಮಗಳು ಕೆಲಸಕ್ಕೆ ಸೇರಿ ದುಡಿಯಬೇಕಾಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಗೆ ಇದೊಂದು ದೃಷ್ಟಾಂತವೆಂದು ಕೆಲವು ಓದುಗರು ಸಮಾಧಾನಪಡುತ್ತಾರೆ. ಆದರೆ ತಂದೆಯ ಕಾಯಿಲೆಯನ್ನು ಮಗಳ ಗುಣಕ್ಕೆ ಶಿಕ್ಷೆಯಾಗಿ ಓದುವ ಮಗು, ನಾಳೆ ತನ್ನ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ತನ್ನ ತಪ್ಪಿನಿಂದಲೇ ಹೀಗಾಯಿತೆಂದು ಒಳಗೊಳಗೇ ಕೊರಗಬಹುದು. ತಾನು ತಳ್ಳಿದ್ದರಿಂದಲೇ ಸ್ಯಾಲಿಗೆ ರೋಗ ಬಂತೆಂದು ಕೊರಗಿದ ಡ್ಯಾರೆಲಳಿಗೆ ಸಿಕ್ಕ ಸಾಂತ್ವನ ಗ್ವೆಂಡೊಲಿನಳಿಗೂ ಸಿಗಬೇಕಿತ್ತು.

ಹಾಗಾದರೆ ಈ ಪುಸ್ತಕಗಳನ್ನು ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಕೆ? ಖಂಡಿತ ಬೇಡ. ಮಕ್ಕಳು ಸಂತೋಷದಿಂದ ಓದುವ ಪುಸ್ತಕವನ್ನು ಕಸಿಯುವುದರಿಂದ ಯಾವ ಲಾಭವೂ ಇಲ್ಲ. ಲೇಖಕಿಯ ಮಾತುಗಳನ್ನು ಅಳಿಸಿ ತಿದ್ದುವುದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಮಗಳು ಓದಿ ಮುಗಿಸಿದಾಗ ತಾಯಿಯೋ ಅಜ್ಜಿಯೋ ಬಳಿಯಲ್ಲಿ ಕುಳಿತು ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು: “ಆ ಗ್ವೆಂಡೊಲಿನ್ ಜೊತೆ ಯಾರಾದರೂ ಒಂದು ದಿನ ಕುಳಿತು ಮಾತಾಡಿದ್ದರೆ ಏನಾಗುತ್ತಿತ್ತು, ಮಗೂ?” ಉತ್ತರ ಹೇಗಾದರೂ ಇರಲಿ. ಬಹಳ ಸಲ ಆ ಮಾತಿನಿಂದ ಮಗುವಿನ ಸ್ವಂತ ತರಗತಿಯ ಸುದ್ದಿ ಹೊರಬರುತ್ತದೆ: ಯಾರ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ, ಯಾರನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂಬುದು. ಆ ಒಂಟಿ ಹುಡುಗಿ ಒಮ್ಮೊಮ್ಮೆ ಎದುರಿಗೆ ಕುಳಿತ ಮಗಳೇ ಆಗಿರಬಹುದು.

ಓದಿಗಾಗಿ ಮಕ್ಕಳನ್ನು ದೂರದ ವಸತಿಶಾಲೆಗೋ ಹಾಸ್ಟೆಲಿಗೋ ಕಳುಹಿಸಿರುವ ಕುಟುಂಬಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ದೂರವಾಣಿಯಲ್ಲಿ “ಅಮ್ಮಾ, ಹೊಟ್ಟೆ ನೋಯ್ತಿದೆ” ಎಂಬ ದನಿ ಕೇಳಿದಾಗ ಗ್ವೆಂಡೊಲಿನಳ ತಾಯಿಯಂತೆ ಗಾಬರಿಯಿಂದ ಓಡಿಬರುವುದೂ, ಅವಳ ತಂದೆಯಂತೆ ಗದರಿಸುವುದೂ ಎರಡೂ ಸುಲಭ. ವಾರ್ಡನ್ನರಿಗೆ ಹೇಳಿ ವೈದ್ಯರಿಗೆ ತೋರಿಸಿ, ಆಮೇಲೆ ನಿಧಾನವಾಗಿ “ಅಲ್ಲಿ ನಿನ್ನ ಜೊತೆ ಊಟಕ್ಕೆ ಯಾರು ಕೂರ್ತಾರೆ?” ಎಂದು ಕೇಳುವುದು ಕಷ್ಟ, ಆದರೆ ಹಿತ ಇರುವುದು ಅದರಲ್ಲಿ.

ಹತ್ತರ ಪ್ರಾಯದಲ್ಲಿ ಗ್ವೆಂಡೊಲಿನಳನ್ನು ದ್ವೇಷಿಸಿದ ಓದುಗರು ತಪ್ಪು ಮಾಡಲಿಲ್ಲ. ಅವಳು ಮಾಡಿದ್ದು ಕೆಟ್ಟದ್ದೇ. ನಲವತ್ತರಲ್ಲಿ ಅವಳಿಗಾಗಿ ಮರುಗಿದವರೂ ತಪ್ಪು ಮಾಡಲಿಲ್ಲ. ಎಲ್ಲರೂ ಮೆಚ್ಚುವ ಮಗುವಿನ ನೋವನ್ನು ಯಾವ ಶಾಲೆಯಾದರೂ ಕೇಳಿಸಿಕೊಂಡೀತು. ಯಾರಿಗೂ ಬೇಡವಾದ ಮಗುವಿನ ನೋವನ್ನು ಕೇಳಿಸಿಕೊಂಡ ಶಾಲೆಯೇ ಒಳ್ಳೆಯ ಶಾಲೆ, ಅಂಥ ಮನೆಯೇ ಒಳ್ಳೆಯ ಮನೆ.